ಮಿಲ್ಲಿನ ಜಾಗಕ್ಕೆ ಮಾಲ್ ಬಂತು, ಹಾಸ್ಟೆಲ್ ಯಾಕೆ ಬರಲಿಲ್ಲ?

ಬೆಂಗಳೂರಿನ ಹಸಿರು ಮಾರ್ಗದ ಮೆಟ್ರೋದಲ್ಲಿ ಒಂದು ನಿಲ್ದಾಣದ ಹೆಸರು 'ಮಂತ್ರಿ ಸ್ಕ್ವೇರ್ ಸಂಪಿಗೆ ರಸ್ತೆ'. 2010ರಲ್ಲಿ ಅಲ್ಲಿ ಮಾಲ್ ತೆರೆಯಿತು. ಅದಕ್ಕೂ ಮೊದಲು ಅದು ರಾಜಾ ಮಿಲ್ಲಿನ ಜಾಗ. ಮಲ್ಲೇಶ್ವರದ ಹಳಬರು ಈಗಲೂ 'ರಾಜಾ ಮಿಲ್ ಹತ್ರ' ಅಂತಲೇ ವಿಳಾಸ ಹೇಳುತ್ತಾರೆ. ಮಿಲ್ಲು ಹೋಯಿತು, ಹೆಸರು ನಾಲಿಗೆ ಮೇಲೆ ಉಳಿಯಿತು. ಇತ್ತ ಬಿನ್ನಿಪೇಟೆಯಲ್ಲಿ 1884ರಲ್ಲಿ ಶುರುವಾದ ಉಣ್ಣೆ, ಹತ್ತಿ, ರೇಷ್ಮೆ ಗಿರಣಿಯ ಜಾಗದಲ್ಲಿ ಎತ್ತರದ ಅಪಾರ್ಟ್‌ಮೆಂಟುಗಳೂ ಒಂದು ಮಾಲೂ ಎದ್ದಿವೆ.

ಕಾರ್ಖಾನೆ ಮುಚ್ಚಿದ ಮೇಲೆ ಆ ಜಾಗಕ್ಕೆ ಏನು ಬರಬೇಕು? ನಮ್ಮಲ್ಲಿ ಈ ಪ್ರಶ್ನೆಗೆ ಬಹುತೇಕ ಎರಡೇ ಉತ್ತರ: ಮಾಲ್, ಇಲ್ಲವೇ ಅಪಾರ್ಟ್‌ಮೆಂಟ್. ಮೂರನೆಯ ಉತ್ತರವೊಂದನ್ನು ಬೇರೆ ದೇಶಗಳು ಪ್ರಯೋಗ ಮಾಡಿ ನೋಡಿವೆ. ಮೇಲೆ ವಿದ್ಯಾರ್ಥಿಗಳ ವಸತಿ, ಕೆಳಗೆ ಅಂಗಡಿ, ಕ್ಯಾಂಟೀನು, ಕ್ಲಿನಿಕ್ಕು, ಲೈಬ್ರರಿ. ನಾನು ಸಿವಿಲ್ ಇಂಜಿನಿಯರ್. ಹಳೇ ಕಟ್ಟಡಗಳು ಇನ್ನೆಷ್ಟು ಭಾರ ತಡೆಯುತ್ತವೆ ಅಂತ ನೋಡಿ ಹೇಳುವುದು ನನ್ನ ಹೊಟ್ಟೆಪಾಡು. ಹಾಗಾಗಿ ಈ ವಿಷಯವನ್ನು ಸ್ವಲ್ಪ ಕಬ್ಬಿಣ-ಸಿಮೆಂಟಿನ ಕಡೆಯಿಂದ, ಸ್ವಲ್ಪ ಬಾಡಿಗೆ ಲೆಕ್ಕದ ಕಡೆಯಿಂದ ಬಿಡಿಸಿ ಹೇಳುತ್ತೇನೆ.

ಮೊದಲು ಅಗತ್ಯದ ಮಾತು. ದೇಶದಲ್ಲೇ ಅತಿ ಹೆಚ್ಚು ಕಾಲೇಜುಗಳಿರುವ ಜಿಲ್ಲೆ ಬೆಂಗಳೂರು ನಗರ ಜಿಲ್ಲೆ; 1,000ಕ್ಕೂ ಹೆಚ್ಚು ಕಾಲೇಜುಗಳಿವೆ. ಕಾಲೇಜು ಕಟ್ಟಿದವರೆಲ್ಲ ಹಾಸ್ಟೆಲ್ ಕಟ್ಟಲಿಲ್ಲ. ಆ ಕೆಲಸವನ್ನು ಪಿಜಿಗಳು ವಹಿಸಿಕೊಂಡವು. 30x40 ಸೈಟಿನಲ್ಲಿ ಒಂದು ಸಂಸಾರಕ್ಕೆಂದು ಪ್ಲಾನ್ ಪಾಸು ಮಾಡಿಸಿ, ಐದಾರು ಮಹಡಿ ಎಬ್ಬಿಸಿ, ಒಂದೊಂದು ಕೋಣೆಗೆ ಮೂರೋ ನಾಲ್ಕೋ ಮಂಚ ಹಾಕಿರುತ್ತಾರೆ. ಮೆಟ್ಟಿಲು ಒಂದೇ, ಅದರ ಕೆಳಗೇ ಮೀಟರ್ ಬೋರ್ಡು, ಅದರ ಪಕ್ಕದಲ್ಲೇ ಗ್ಯಾಸ್ ಸಿಲಿಂಡರ್. ಬೆಂಕಿ ಹತ್ತಿದರೆ ಮೇಲಿನವರು ಇಳಿಯಬೇಕಾದ ದಾರಿಯಲ್ಲೇ ಹೊಗೆ ಮೇಲೇರುತ್ತದೆ.

2024ರಲ್ಲಿ ಕೋರಮಂಗಲದ ಪಿಜಿಯೊಂದರಲ್ಲಿ ಯುವತಿಯ ಕೊಲೆಯಾಯಿತು. ಆಮೇಲೆ ಆಗಿನ ಬಿಬಿಎಂಪಿ ಪಿಜಿಗಳಿಗೆ ಮಾರ್ಗಸೂಚಿ ಹೊರಡಿಸಿತು. ಒಬ್ಬರಿಗೆ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಸಿಸಿಟಿವಿ, ಅಗ್ನಿಸುರಕ್ಷತೆ ಇತ್ಯಾದಿ. 70 ಚದರ ಅಡಿ ಅಂದರೆ ಏಳಡಿಗೆ ಹತ್ತಡಿ. ಒಂದು ಮಂಚ, ಒಂದು ಬೀರು, ಒಂದು ಕುರ್ಚಿ ಹಾಕಿದರೆ ಮುಗೀತು. ಅಷ್ಟನ್ನು ಕೇಳೋದಕ್ಕೂ ಒಂದು ಸಾವಾಗಬೇಕಾಯ್ತು.

ಇನ್ನು ಬಡವರ ಮಕ್ಕಳ ಲೆಕ್ಕ. ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲಿನಲ್ಲಿ ಸೀಟು ಸಿಗದವರಿಗೆ 'ವಿದ್ಯಾಸಿರಿ' ಯೋಜನೆಯಲ್ಲಿ ಊಟ-ವಸತಿಗೆ ತಿಂಗಳಿಗೆ 1,500 ರೂ.ನಂತೆ ಹತ್ತು ತಿಂಗಳು ಕೊಡುತ್ತಾರೆ. ಬೆಂಗಳೂರಿನಲ್ಲಿ 1,500 ರೂಪಾಯಿಗೆ ಪಿಜಿ ಹುಡುಕಿದವರು ಯಾರಾದರೂ ಇದ್ದರೆ ದಯವಿಟ್ಟು ವಿಳಾಸ ಕೊಡಿ.

ಕಾಳಿನ ಕಣಜದಲ್ಲಿ ಹಾಸ್ಟೆಲು

ನಾರ್ವೆಯ ರಾಜಧಾನಿ ಓಸ್ಲೋದಲ್ಲಿ ಆಕೆರ್ಸೆಲ್ವಾ ಅಂತ ಒಂದು ನದಿಯಿದೆ. ಒಂದು ಕಾಲಕ್ಕೆ ಅದರ ದಂಡೆಯುದ್ದಕ್ಕೂ ಗಿರಣಿಗಳೇ ಇದ್ದವು. ಗ್ರುನರ್‌ಲೊಕ್ಕ ಎಂಬ ಕಾರ್ಮಿಕರ ಬಡಾವಣೆಯಲ್ಲಿ, ಆ ನದಿಯ ಪಕ್ಕದಲ್ಲಿ, 1953ರಲ್ಲಿ ಕಾಳು ತುಂಬಿಡಲು ಕಾಂಕ್ರೀಟಿನ ಭಾರಿ ಕಣಜವೊಂದನ್ನು ಕಟ್ಟಿದರು. ದೊಡ್ಡ ಕೊಳವೆಗಳನ್ನು ಒಂದಕ್ಕೊಂದು ಅಂಟಿಸಿ ನಿಲ್ಲಿಸಿದ ಹಾಗೆ ಒಟ್ಟು 21 ಸಿಲಿಂಡರುಗಳು. ಕೆಲಸವಿಲ್ಲದೆ ನಿಂತ ಆ ಕಣಜವನ್ನು 2001ರಲ್ಲಿ ವಿದ್ಯಾರ್ಥಿ ನಿಲಯವಾಗಿ ಮಾರ್ಪಡಿಸಿದರು. ಈಗ ಅದು 19 ಮಹಡಿ, 226 ಮನೆಗಳ ಕಟ್ಟಡ. ನಡೆಸುತ್ತಿರುವುದು ಬಿಲ್ಡರ್ ಅಲ್ಲ, ವಿದ್ಯಾರ್ಥಿಗಳ ಕ್ಷೇಮಕ್ಕೆಂದೇ ಇರುವ ಸಂಸ್ಥೆ.

ಇದನ್ನು ಇಂಜಿನಿಯರ್ ಕಣ್ಣಿಂದ ನೋಡಿದರೆ ತಮಾಷೆಯಾಗಿದೆ. ಕಣಜಕ್ಕೆ ಕಿಟಕಿ ಇರೋದಿಲ್ಲ, ಮಹಡಿಯೂ ಇರೋದಿಲ್ಲ. ಅದು ಖಾಲಿ ಕೊಳವೆ. ಕಾಳು ಒಳಗಿನಿಂದ ಹೊರಕ್ಕೆ ಒತ್ತುತ್ತದೆ, ಅದನ್ನು ತಡೆಯಲು ಗೋಡೆಯೊಳಗೆ ಬಳೆಯ ಹಾಗೆ ಕಂಬಿ ಸುತ್ತಿರುತ್ತಾರೆ. ಕಿಟಕಿಗೆಂದು ಗೋಡೆ ಕೊಯ್ದರೆ ಆ ಬಳೆ ತುಂಡಾಗುತ್ತದೆ. ಆದರೆ ಈಗ ಒಳಗೆ ಕಾಳಿಲ್ಲವಲ್ಲ, ಒತ್ತಡವೂ ಇಲ್ಲ. ಅದರ ಬದಲು ಹೊಸದಾಗಿ ಹಾಕುವ ಮಹಡಿಗಳು ಪಿಪಾಯಿಯ ಪಟ್ಟಿಯಂತೆ ಗೋಡೆಯನ್ನು ಒಳಗಿಂದ ಹಿಡಿದು ನಿಲ್ಲಿಸುತ್ತವೆ. ಅಂದರೆ ಕಟ್ಟಡದ ಕೆಲಸ ಬದಲಾದಾಗ ಅದರ ಮೇಲಿನ ಭಾರದ ಸ್ವಭಾವವೇ ಬದಲಾಗುತ್ತದೆ. ಕೋಣೆಗಳ ಗೋಡೆ ಬಾಗಿರುವುದರಿಂದ ಮಾರುಕಟ್ಟೆಯ ಮಂಚ, ಮೇಜು ಮೂಲೆಗೆ ಕೂರೋದಿಲ್ಲ. ಮೂಲೆ ಇದ್ದರೆ ತಾನೆ!

ದಕ್ಷಿಣ ಆಫ್ರಿಕದ ಜೋಹಾನ್ಸ್‌ಬರ್ಗಿನ ನ್ಯೂಟೌನ್‌ನಲ್ಲೂ ಇಂಥದೇ ಹಳೇ ಕಣಜಗಳಿದ್ದವು. ಖಾಸಗಿ ಕಂಪನಿಯೊಂದು ಅವುಗಳಿಗೆ ಕಿಟಕಿ ಕೊರೆದು, ನೆತ್ತಿಯ ಮೇಲೂ ಪಕ್ಕದಲ್ಲೂ ಹಡಗಿನ ಕಂಟೇನರುಗಳನ್ನು ಜೋಡಿಸಿ 2014ರಲ್ಲಿ 'ಮಿಲ್ ಜಂಕ್ಷನ್' ಎಂಬ ವಿದ್ಯಾರ್ಥಿ ನಿಲಯ ತೆರೆಯಿತು. ಸುಮಾರು 375 ಮಂದಿಗೆ ಜಾಗ. ಚಿತ್ರ ನೋಡಿದರೆ ಬಣ್ಣ ಬಣ್ಣದ ಕಂಟೇನರು ಕಣ್ಣಿಗೆ ಹಬ್ಬ. ಆದರೆ ಆ ದೇಶದಲ್ಲಿ ಬಡ ವಿದ್ಯಾರ್ಥಿಗಳ ವಸತಿ ಬಾಡಿಗೆಯ ದೊಡ್ಡ ಪಾಲು ಸರ್ಕಾರಿ ನೆರವಿನ ನಿಧಿಯಿಂದ ಬರುತ್ತದೆ. ನಿಧಿಯ ಹಣ ತಡವಾದಾಗಲೆಲ್ಲ ಖಾಸಗಿ ಮಾಲೀಕರು ಮಕ್ಕಳನ್ನು ಹೊರಹಾಕುವ ಬೆದರಿಕೆ ಹಾಕಿದ್ದಾರೆ. ಕಟ್ಟಡ ಎಷ್ಟೇ ಚೆಂದ ಇದ್ದರೂ ಬಾಡಿಗೆ ಕಟ್ಟುವವರು ಯಾರು, ಮಾಲೀಕರು ಯಾರು ಅನ್ನೋದರ ಮೇಲೇ ಹುಡುಗ-ಹುಡುಗಿಯರ ನೆಮ್ಮದಿ ನಿಂತಿರುತ್ತದೆ.

ಗಿರಣಿ ಕಟ್ಟಡ ಎಷ್ಟು ಗಟ್ಟಿ?

ನಮ್ಮ ಗಿರಣಿ, ಕಾರ್ಖಾನೆಗಳು ಕಣಜಕ್ಕಿಂತ ಎಷ್ಟೋ ಸುಲಭ. ಭಾರತೀಯ ಮಾನಕದ ಪ್ರಕಾರ ವಾಸದ ಮನೆಯ ಮಹಡಿಯನ್ನು ಚದರ ಮೀಟರಿಗೆ ಸುಮಾರು 200 ಕೆಜಿ ಭಾರ ತಡೆಯುವಂತೆ ವಿನ್ಯಾಸ ಮಾಡುತ್ತಾರೆ. ಯಂತ್ರ ಇಡುವ ಕಾರ್ಖಾನೆಯ ಮಹಡಿಗೆ ಅದು 500ರಿಂದ 1,000 ಕೆಜಿ. ಮಗ್ಗ, ಲೇತು ಹೊತ್ತ ಮಹಡಿಗೆ ಮಂಚ, ಪುಸ್ತಕ ಒಂದು ಲೆಕ್ಕವೇ ಅಲ್ಲ. ಚಾವಣಿಯೂ ಎತ್ತರ. ಹದಿನೆಂಟು, ಇಪ್ಪತ್ತು ಅಡಿ ಎತ್ತರವಿದ್ದರೆ ಮಧ್ಯೆ ಉಕ್ಕಿನ ಚೌಕಟ್ಟು ನಿಲ್ಲಿಸಿ ಇನ್ನೊಂದು ಮಹಡಿ ಪಡೆಯಬಹುದು.

ಹಾಗಂತ ಎಲ್ಲ ಸಲೀಸಲ್ಲ. ದಶಕಗಳ ಕಾಲ ಮಳೆ ಸೋರಿದ ಕಟ್ಟಡದಲ್ಲಿ ಕಂಬಿ ತುಕ್ಕು ಹಿಡಿದು, ಉಬ್ಬಿ, ಮೇಲಿನ ಕಾಂಕ್ರೀಟನ್ನು ಒಡೆದಿರುತ್ತದೆ. ಹ್ಯಾಮರ್ ಟೆಸ್ಟ್ ಮಾಡಿ, ಅಲ್ಲಲ್ಲಿ ಕೋರ್ ಕೊರೆದು ತೆಗೆದು ಲ್ಯಾಬಿಗೆ ಕಳಿಸಿ ನೋಡದೆ 'ಗಟ್ಟಿ ಇದೆ' ಅನ್ನುವವರನ್ನು ನಂಬಬೇಡಿ, 'ಕೆಡವಿ' ಅನ್ನುವವರನ್ನೂ ನಂಬಬೇಡಿ. ಎರಡನೆಯ ಮಾತಿನ ಹಿಂದೆ ಎಷ್ಟೋ ಸಲ ಕಾಂಕ್ರೀಟಿಗಿಂತ ಎಫ್‌ಎಆರ್ ಲೆಕ್ಕವೇ ಇರುತ್ತದೆ.

ಇನ್ನೊಂದು ಕಷ್ಟ ಬೆಳಕಿನದು. ಗಿರಣಿಯ ಶೆಡ್ಡು ನೂರಾರು ಅಡಿ ಅಗಲ. ಗರಗಸದ ಹಲ್ಲಿನಂಥ ಚಾವಣಿಯಿಂದ ಉತ್ತರದ ಬೆಳಕು ಬರುತ್ತಿತ್ತು, ಅದು ಒಂದೇ ಅಂತಸ್ತಿಗೆ ಸಾಲುತ್ತಿತ್ತು. ಮಧ್ಯೆ ಕೋಣೆ ಕಟ್ಟಿದರೆ ಅವು ಕತ್ತಲ ಗೂಡು. ಪರಿಹಾರ ನಮಗೆ ಗೊತ್ತಿರುವುದೇ: ತೊಟ್ಟಿಮನೆ. ಶೆಡ್ಡಿನ ನಡುವೆ ಒಂದೆರಡು ಕಡೆ ಚಾವಣಿ ತೆಗೆದು ಅಂಗಳ ಮಾಡಿ, ಸುತ್ತ ಕೋಣೆಗಳು ಬರುವಂತೆ ಮಾಡುವುದು. ಇದರಿಂದ ಬಾಡಿಗೆ ಬರುವ ಜಾಗ ಕಡಿಮೆಯಾಗುತ್ತದೆ. ಖಾಸಗಿ ಬಿಲ್ಡರಿಗೆ ಅದು ನಷ್ಟ.

ಕಲ್ನಾರಿನ ಶೀಟುಗಳಿದ್ದರೆ ಬೇರೆ ಕತೆ. ಅವನ್ನು ಒಡೆದರೆ ಏಳುವ ದೂಳು ಶ್ವಾಸಕೋಶಕ್ಕೆ ವಿಷ. ತೆಗೆಯುವ ಕೂಲಿಯವರಿಗೆ ಬಾಯಿಗೆ ಕಟ್ಟಿಕೊಳ್ಳಲು ಟವೆಲ್ ಕೊಟ್ಟರೆ ಸಾಲದು.

ನೆಲದೊಳಗೆ ಏನಿದೆ?

ಎಲ್ಲರೂ ಮರೆಯುವುದು ಮಣ್ಣನ್ನು. ಕೊಡೈಕೆನಾಲಿನ ಥರ್ಮಾಮೀಟರ್ ಕಾರ್ಖಾನೆ 2001ರಲ್ಲಿ ಮುಚ್ಚಿತು. ಅಲ್ಲಿನ ಪಾದರಸದ ಜಗಳ ಎರಡು ದಶಕ ಕಳೆದರೂ ಜನರ ಬಾಯಲ್ಲಿದೆ. ಕಾರ್ಖಾನೆ ಮುಚ್ಚಿದರೂ ಅದು ನೆಲಕ್ಕೆ ಸುರಿದದ್ದು ಮುಚ್ಚಿಹೋಗುವುದಿಲ್ಲ. ಬಣ್ಣ ಹಾಕುವ ಗಿರಣಿಯಲ್ಲಿ ರಾಸಾಯನಿಕ, ಟ್ರಾನ್ಸ್‌ಫಾರ್ಮರ್ ಮಾಡುವಲ್ಲಿ ಎಣ್ಣೆ, ಟ್ಯೂಬ್‌ಲೈಟ್ ಮಾಡುವಲ್ಲಿ ಪಾದರಸ, ಲೇಪನ ಮಾಡುವಲ್ಲಿ ಸೀಸ, ಕ್ರೋಮಿಯಂ. ಇವೆಲ್ಲ ಎಲ್ಲ ಕಡೆಯೂ ಉಳಿದಿರುತ್ತವೆ ಅಂತಲ್ಲ. ಆದರೆ ನೋಡದೆ ಯಾರಿಗೆ ಗೊತ್ತಾಗುತ್ತೆ? ಬೆಂಗಳೂರಲ್ಲಂತೂ ಬೋರ್‌ವೆಲ್ ಇಲ್ಲದ ವಸತಿ ಇಲ್ಲ. ಕಲುಷಿತ ಮಣ್ಣಿನ ಮೇಲೆ ಬೋರ್‌ವೆಲ್ ಹಾಕಿ ನಾನೂರು ಮಕ್ಕಳಿಗೆ ಆ ನೀರು ಕುಡಿಸುವ ಮೊದಲು ಮಣ್ಣಿನ ಮತ್ತು ಅಂತರ್ಜಲದ ಪರೀಕ್ಷೆ ಆಗಬೇಕು.

ಕಲುಷಿತ ಜಾಗಗಳ ನಿರ್ವಹಣೆಗೆಂದೇ ಕೇಂದ್ರ ಪರಿಸರ ಸಚಿವಾಲಯ ನಿಯಮ ತಂದದ್ದು 2025ರ ಜುಲೈನಲ್ಲಿ. ಅಂದರೆ ರಾಜಾ ಮಿಲ್, ಬಿನ್ನಿ ಮಿಲ್ ಜಾಗಗಳಲ್ಲಿ ಹೊಸ ಕಟ್ಟಡ ಎದ್ದಾಗ ಇಂಥದೊಂದು ನಿಯಮವೇ ದೇಶದಲ್ಲಿರಲಿಲ್ಲ.

ಕೆಳಗೆ ಅಂಗಡಿ ಯಾಕೆ ಬೇಕು

'ಮಿಶ್ರ ಬಳಕೆ' ಅನ್ನೋದನ್ನು ನಗರಯೋಜಕರು ದೊಡ್ಡ ತತ್ವದಂತೆ ಹೇಳುತ್ತಾರೆ. ಅವೆನ್ಯೂ ರಸ್ತೆಯಲ್ಲಿ, ದಾವಣಗೆರೆಯ ಮಂಡಿಪೇಟೆಯಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ ಅಂತ ತಲೆಮಾರುಗಳಿಂದ ಬದುಕಿದ ನಮಗೆ ಅದರಲ್ಲಿ ಹೊಸತೇನಿಲ್ಲ. ಆದರೆ ಹಾಸ್ಟೆಲ್ ವಿಷಯದಲ್ಲಿ ಅದಕ್ಕೊಂದು ಗಟ್ಟಿಯಾದ ಹಣದ ಕಾರಣ ಇದೆ. ಒಂದು ಲೆಕ್ಕ ಹಾಕೋಣ. ಇವು ನಾನು ಲೆಕ್ಕಕ್ಕೆಂದು ಇಟ್ಟುಕೊಂಡ ದುಂಡು ಅಂಕಿಗಳು, ಯಾವುದೇ ಒಂದು ಯೋಜನೆಯವಲ್ಲ.

ಒಂದು ಎಕರೆ ಅಂದರೆ 43,560 ಚದರ ಅಡಿ. ಎಫ್‌ಎಆರ್ ಎರಡೂವರೆ ಅಂತ ಇಟ್ಟುಕೊಂಡರೆ 1,08,900 ಚದರ ಅಡಿ ಕಟ್ಟಡ. ಕೋಣೆ, ಓಡಾಡುವ ಜಾಗ, ಅಡುಗೆಮನೆ, ಮೆಟ್ಟಿಲು ಎಲ್ಲ ಸೇರಿ ಒಬ್ಬ ವಿದ್ಯಾರ್ಥಿಗೆ 250 ಚದರ ಅಡಿ ಹಿಡಿದರೆ ಸುಮಾರು 435 ಮಂದಿ. ಚದರ ಅಡಿಗೆ 2,500 ರೂ. ಖರ್ಚಾದರೆ ಕಟ್ಟಡಕ್ಕೆ 27 ಕೋಟಿ ರೂ. ಚಿಲ್ಲರೆ. ಅಷ್ಟೂ ಸಾಲ, ಬಡ್ಡಿ ಶೇ. 9. ಬಡ್ಡಿಯೊಂದೇ ತಲೆಗೆ ತಿಂಗಳಿಗೆ ಸುಮಾರು 4,700 ರೂ. ಬೀಳುತ್ತದೆ. ಅಸಲು, ಕರೆಂಟು, ನೀರು, ಕೆಲಸದವರ ಸಂಬಳ, ಊಟ ಎಲ್ಲ ಆಮೇಲೆ.

ಈಗ ಆ ಎಕರೆಯನ್ನು 40 ಕೋಟಿ ರೂ. ಕೊಟ್ಟು ಕೊಂಡಿದ್ದರೆ? ನೆಲದ ಬಡ್ಡಿಯೇ ತಲೆಗೆ ತಿಂಗಳಿಗೆ ಸುಮಾರು 6,900 ರೂ. ಎರಡೂ ಸೇರಿದರೆ 11,600 ರೂ. ಮಂಚ ಹಾಕುವ ಮೊದಲೇ ಇಷ್ಟು. ಹಾಗಾಗಿಯೇ ನೆಲ ಕೊಂಡವರು ಹಾಸ್ಟೆಲ್ ಕಟ್ಟುವುದಿಲ್ಲ. ಕಟ್ಟಿದರೂ ಅದು ಜಿಮ್ಮು, ಕೆಫೆ ಇರುವ 'ಕೋ-ಲಿವಿಂಗ್' ಆಗುತ್ತದೆ, ರಾಯಚೂರಿಂದ ಬಂದ ರೈತರ ಮಗಳಿಗೆ ಆಗಿಬರುವುದಿಲ್ಲ.

ಇನ್ನೊಂದು ದಾರಿ ನೋಡಿ. ನೆಲ ಸರ್ಕಾರದ್ದೇ ಆಗಿದ್ದು, ಮಾರದೆ ನಾಮಮಾತ್ರ ದರಕ್ಕೆ ಗುತ್ತಿಗೆ ಕೊಟ್ಟರೆ 6,900 ರೂ. ಅಲ್ಲೇ ಅಳಿಸಿಹೋಯಿತು. ಕಟ್ಟಡದ ಹತ್ತನೇ ಒಂದು ಭಾಗವನ್ನು, ಅಂದರೆ ಸುಮಾರು 10,900 ಚದರ ಅಡಿಯನ್ನು, ರಸ್ತೆ ಕಡೆಗೆ ಅಂಗಡಿಗಳಿಗೆ ಬಿಟ್ಟು ಚದರ ಅಡಿಗೆ 80 ರೂ. ಬಾಡಿಗೆ ಪಡೆದರೆ ತಿಂಗಳಿಗೆ 8.7 ಲಕ್ಷ ರೂ. ವಿದ್ಯಾರ್ಥಿಗಳ ಸಂಖ್ಯೆ 392ಕ್ಕೆ ಇಳಿಯುತ್ತದೆ. ಆದರೂ ಅಂಗಡಿ ಬಾಡಿಗೆ ಕಳೆದು ಉಳಿದ ಬಡ್ಡಿ ಹಂಚಿದರೆ ತಲೆಗೆ 3,000 ರೂ. ಹತ್ತಿರ. ನೆಲ ಕೊಂಡಾಗಿನ 11,600 ರೂ. ಎಲ್ಲಿ, 3,000 ರೂ. ಎಲ್ಲಿ! ಮತ್ತೆ ಏಪ್ರಿಲ್-ಮೇ ರಜೆಯಲ್ಲಿ ಮಕ್ಕಳು ಊರಿಗೆ ಹೋದಾಗಲೂ ಅಂಗಡಿ ಬಾಡಿಗೆ ನಿಲ್ಲುವುದಿಲ್ಲ.

ಇದರ ಜೊತೆಗೆ ಒಂದು ಸಣ್ಣ ಅನುಕೂಲ ಈಗಾಗಲೇ ಆಗಿದೆ. ಪಿಜಿ, ಹಾಸ್ಟೆಲ್ ಬಾಡಿಗೆಗೆ ಶೇ. 12 ಜಿಎಸ್‌ಟಿ ಕಟ್ಟಬೇಕು ಅನ್ನುವ ಗೊಂದಲ 2023ರಲ್ಲಿ ಎದ್ದಿತ್ತು. 2024ರ ಜೂನ್‌ನಲ್ಲಿ ಜಿಎಸ್‌ಟಿ ಮಂಡಳಿ, ತಿಂಗಳಿಗೆ ತಲೆಗೆ 20,000 ರೂ. ಮೀರದ, ಕನಿಷ್ಠ 90 ದಿನಗಳ ವಾಸಕ್ಕೆ ವಿನಾಯ್ತಿ ಕೊಡಲು ಶಿಫಾರಸು ಮಾಡಿತು.

ಅಂಗಡಿ ಇಡುವುದರಲ್ಲೂ ಅಪಾಯ ಇದೆ. ಮಲಗುವ ಕೋಣೆಗಳ ಕೆಳಗೆ ಗ್ಯಾಸ್ ಒಲೆಯ ಹೋಟೆಲು ಇಟ್ಟರೆ ಪಿಜಿಯ ತಪ್ಪನ್ನೇ ದೊಡ್ಡದಾಗಿ ಮಾಡಿದಂತೆ. ಹಾಸ್ಟೆಲಿಗೆ ಬೇರೆಯದೇ ಬಾಗಿಲು, ಎರಡು ಮೆಟ್ಟಿಲು, ಮಧ್ಯೆ ಬೆಂಕಿ ದಾಟದ ಚಪ್ಪಡಿ ಬೇಕು. ರಾಷ್ಟ್ರೀಯ ಕಟ್ಟಡ ಸಂಹಿತೆ ಡಾರ್ಮಿಟರಿಯನ್ನು ಸಂಸಾರದ ಮನೆಯಿಂದ ಬೇರೆ ವರ್ಗವಾಗಿಯೇ ನೋಡುತ್ತದೆ. ಕಾಗದದ ಮೇಲೆ ಮನೆ, ಒಳಗೆ ಡಾರ್ಮಿಟರಿ ಅನ್ನುವ ಆಟ ಇಲ್ಲಿ ನಡೆಯಬಾರದು. ನೆಲಮಾಳಿಗೆಯಲ್ಲಿ ಓದುವ ಕೋಣೆ ಬೇಡವೇ ಬೇಡ. ದೆಹಲಿಯ ಹಳೇ ರಾಜಿಂದರ್ ನಗರದಲ್ಲಿ 2024ರ ಜುಲೈನಲ್ಲಿ ಕೋಚಿಂಗ್ ಕೇಂದ್ರದ ನೆಲಮಾಳಿಗೆಗೆ ಮಳೆನೀರು ನುಗ್ಗಿ ಮೂವರು ವಿದ್ಯಾರ್ಥಿಗಳು ಸತ್ತರು. ಗಿರಣಿಗಳು ನೀರು ಬೇಕೆಂದು ಕೆರೆ, ಹಳ್ಳದ ಪಕ್ಕದ ತಗ್ಗಿನಲ್ಲೇ ಕಟ್ಟಿದಂಥವು. ಅಲ್ಲಿ ನೆಲಮಾಳಿಗೆ ಅಂದರೆ ಬಾವಿ ತೋಡಿದ ಹಾಗೆ.

ಮುಂಬೈ ಮಾಡಿದ ಸೂತ್ರ, ಬಿಟ್ಟ ಸೂತ್ರ

ಈ ನೆಲ ಯಾರಿಗೆ ಸೇರಬೇಕು ಅನ್ನೋ ಪ್ರಶ್ನೆಗೆ ಮುಂಬೈ ಒಮ್ಮೆ ನೇರ ಉತ್ತರ ಕೊಟ್ಟಿತ್ತು. 1982ರಲ್ಲಿ ದತ್ತಾ ಸಾಮಂತ್ ನೇತೃತ್ವದ ಮುಷ್ಕರದ ನಂತರ ಅಲ್ಲಿನ ಗಿರಣಿಗಳು ಒಂದೊಂದಾಗಿ ನಿಂತವು. 58 ಗಿರಣಿ, ಸುಮಾರು 600 ಎಕರೆ. 1991ರ ನಿಯಮದ ಸಾರ ಸರಳ: ಗಿರಣಿ ನೆಲ ಅಭಿವೃದ್ಧಿ ಮಾಡಿದರೆ ಮೂರನೇ ಒಂದು ಪಾಲು ಊರಿನ ಬಯಲಿಗೆ, ಒಂದು ಪಾಲು ಸಾರ್ವಜನಿಕ ವಸತಿಗೆ, ಒಂದು ಪಾಲು ಮಾಲೀಕರಿಗೆ. 2001ರಲ್ಲಿ ಆ ನಿಯಮ ತಿದ್ದಿದರು. ಹಂಚಿಕೆ ಇಡೀ ನೆಲಕ್ಕಲ್ಲ, ಕಟ್ಟಡವಿಲ್ಲದೆ ಖಾಲಿ ಬಿದ್ದ ನೆಲಕ್ಕೆ ಮಾತ್ರ ಅಂದರು. ಗಿರಣಿ ಅಂದಮೇಲೆ ಜಾಗದ ತುಂಬ ಶೆಡ್ಡುಗಳೇ ಇರುತ್ತವಲ್ಲ! ಊರಿನ ಪಾಲು ಕರಗಿಹೋಯಿತು. 2006ರಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಒಂದು ಪದದ ತಿದ್ದುಪಡಿ ನೂರಾರು ಎಕರೆಯ ಹಣೆಬರಹ ಬದಲಿಸಿತು.

ಕರ್ನಾಟಕದಲ್ಲಿ ಗಿರಣಿ ನೆಲಕ್ಕೆಂದು ಇಂಥ ಮೂರು ಪಾಲಿನ ಸೂತ್ರ ಜಾರಿಗೆ ಬರಲಿಲ್ಲ. ಇಲ್ಲಿ ನಡೆಯುವುದು ಭೂಬಳಕೆ ಬದಲಾವಣೆ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14-ಎ ಸೆಕ್ಷನ್ ಅಡಿ ಕೈಗಾರಿಕಾ ವಲಯದ ಜಾಗವನ್ನು ವಸತಿಗೋ ವಾಣಿಜ್ಯಕ್ಕೋ ಬದಲಿಸಲು ಅರ್ಜಿ ಹಾಕಬಹುದು. ಒಂದು ಸಹಿಯಿಂದ ನೆಲದ ಬೆಲೆ ಹಲವು ಪಟ್ಟು ಏರುತ್ತದೆ. ಆ ಏರಿದ ಬೆಲೆಯಲ್ಲಿ ಊರಿನ ಪಾಲೆಷ್ಟು ಅಂತ ಕೇಳಬಹುದಾದ ಗಳಿಗೆ ಅದೊಂದೇ. ಅರ್ಜಿಯ ಮೇಲೆ 'ಇಷ್ಟು ಹಾಸಿಗೆ ಸರ್ಕಾರಿ ದರದಲ್ಲಿ ಕೊಡಬೇಕು' ಎಂಬ ಷರತ್ತು ಹಾಕಿದರೆ ವಿದ್ಯಾಸಿರಿಯ 1,500 ರೂಪಾಯಿಗೂ ಒಂದು ಅರ್ಥ ಬರುತ್ತದೆ.

ಖಾಸಗಿಯವರ ಕೈಸೇರಿದ ಜಾಗಗಳ ಮಾತು ಬಿಡಿ, ಅವು ಹೋದವು. ಸರ್ಕಾರದ ಕೈಯಲ್ಲಿ ಇನ್ನೂ ಕೆಲವಿವೆ. ಬೈಯಪ್ಪನಹಳ್ಳಿ ಹತ್ತಿರದ ಎನ್‌ಜಿಇಎಫ್ ಮೋಟರು, ಟ್ರಾನ್ಸ್‌ಫಾರ್ಮರ್ ಮಾಡುತ್ತಿತ್ತು. ಬಾಗಿಲು ಹಾಕಿ ಎರಡು ದಶಕ ಕಳೆದಿದೆ, ಪಕ್ಕದಲ್ಲೇ ಮೆಟ್ರೋ. ಹಳೇ ತುಮಕೂರು ರಸ್ತೆಯಲ್ಲಿ 1936ರಲ್ಲಿ ಶುರುವಾದ ಮೈಸೂರು ಲ್ಯಾಂಪ್ಸ್ ಇದೆ. ಸುಮಾರು 20 ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೂ ಮಲ್ಲೇಶ್ವರದ ಕಾಲೇಜುಗಳಿಗೂ ಹತ್ತಿರ. ಅಲ್ಲಿ ಬೆಂಗಳೂರಿನ ಇತಿಹಾಸ ತೋರಿಸುವ ಕೇಂದ್ರವೊಂದನ್ನು ಮಾಡುವ ಯೋಜನೆಯನ್ನು ಸರ್ಕಾರ ಘೋಷಿಸಿತ್ತು. ಒಳ್ಳೆಯದೇ. ಆದರೆ 20 ಎಕರೆ ತುಂಬ ಮ್ಯೂಸಿಯಂ ಬೇಕಾಗುವುದಿಲ್ಲ. ನನ್ನ ದುಂಡು ಲೆಕ್ಕದ ಪ್ರಕಾರ ಅದರ ಐದು ಎಕರೆಯಲ್ಲೇ ಸುಮಾರು 1,900 ವಿದ್ಯಾರ್ಥಿಗಳು ವಾಸ ಮಾಡಬಹುದು.

ಅಕ್ಕಪಕ್ಕದವರ ತಕರಾರೂ ಇರುತ್ತದೆ. ಗಲಾಟೆ, ಬೈಕು, ರಾತ್ರಿ ಓಡಾಟ ಅನ್ನುತ್ತಾರೆ. ಬಾಡಿಗೆ ಏರುತ್ತೆ ಅನ್ನುವ ಭಯ ಮಾತ್ರ ನಿಜವಾದದ್ದು. ಹಾಸ್ಟೆಲ್ ಖಾಸಗಿ, ದುಬಾರಿ ಆದಷ್ಟೂ ಅದು ಹೆಚ್ಚು. ಅದೇ ಜಾಗಕ್ಕೆ ಇನ್ನೊಂದು ಮಾಲ್ ಬಂದರೆ ಶನಿವಾರ ಸಂಜೆ ಸಂಪಿಗೆ ರಸ್ತೆಯಲ್ಲಿ ಏನಾಗುತ್ತದೋ ಅದೇ ಅಲ್ಲೂ ಆಗುತ್ತದೆ ಅನ್ನೋದನ್ನು ಅವರೇ ತೂಗಿ ನೋಡಲಿ. ವಿದ್ಯಾರ್ಥಿಗಳಲ್ಲಿ ಕಾರಿರುವವರು ಕಡಿಮೆ.

ಟೆಂಡರ್ ಕರೆಯುವ ಮೊದಲು ಇಂಥ ಜಾಗದ ಕಡತದಲ್ಲಿ ಮೂರು ಕಾಗದ ಇರಲೇಬೇಕು ಅಂತ ನಾನು ಹೇಳುತ್ತೇನೆ. ಕಟ್ಟಡಗಳ ಗಟ್ಟಿತನದ ವರದಿ, ಮಣ್ಣು ಮತ್ತು ಅಂತರ್ಜಲದ ವರದಿ, ಕಾರ್ಮಿಕರಿಗೆ ಬಾಕಿ ಎಷ್ಟಿದೆ ಎಂಬ ಪಟ್ಟಿ. ಲ್ಯಾಂಪು ಕಾರ್ಖಾನೆಯ ಜಾಗವಾದರೆ ಮಣ್ಣಿನಲ್ಲಿ ಮೊದಲು ಹುಡುಕಬೇಕಾದ್ದು ಪಾದರಸ. ಹತ್ತಾರು ಕಡೆ ಕೊರೆದು, ಬೇರೆ ಬೇರೆ ಆಳದ ಮಾದರಿ ತೆಗೆದು, ಲ್ಯಾಬಿಗೆ ಕಳಿಸಿ, ಬಂದ ಅಂಕಿಗಳನ್ನು ವೆಬ್‌ಸೈಟಿಗೆ ಹಾಕುವುದು ಕೋಟಿಗಟ್ಟಲೆಯ ಕೆಲಸವಲ್ಲ. ಅದಕ್ಕೆ ಸಂಪುಟದ ತೀರ್ಮಾನಕ್ಕೆ ಕಾಯಬೇಕಾಗಿಯೂ ಇಲ್ಲ.